ಎರಡನೇ ಪುಟಕ್ಕೆ ಒಂದು ಟಿಕೆಟ್

ನಮ್ಮ ಸೋದರಮಾವ ನಿವೃತ್ತರಾಗಿ ಎಂಟು ವರ್ಷಗಳಾದವು. ಆದರೆ ಈ ಸುದ್ದಿಯನ್ನು ಅವರಿಗೆ ಇದುವರೆಗೆ ಯಾರೂ ಮುಟ್ಟಿಸಿದಂತಿಲ್ಲ!

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಂಡಕ್ಟರ್ ಆಗಿದ್ದವರು. ಕೊನೆಯ ದಿನ ಖಾಕಿ ಬಟ್ಟೆಯನ್ನೇನೋ ಬಿಚ್ಚಿಟ್ಟರು, ಕಂಡಕ್ಟರನ್ನು ಬಿಚ್ಚಿಡುವುದನ್ನು ಮರೆತುಬಿಟ್ಟರು. ಮದುವೆಮನೆಯಲ್ಲಿ ಊಟದ ಹಾಲ್‌ ಬಾಗಿಲಲ್ಲಿ ಜನ ಸ್ವಲ್ಪ ಗುಂಪುಗೂಡಿದರೆ ಸಾಕು, "ಒಳಗ್ ಹೋಗಿ, ಒಳಗ್ ಹೋಗಿ, ಮಧ್ಯ ಎಲ್ಲಾ ಖಾಲಿ ಇದೆ!" ಎಂದು ಹಿಂದಿನಿಂದ ಗುಡುಗುತ್ತಾರೆ. ಒಮ್ಮೆ ಹಾಗೆ ಒಳಗೆ ನೂಕಿಸಿಕೊಂಡವರು ಸ್ವತಃ ಗಂಡಿನ ತಂದೆ! ಸತ್ಯನಾರಾಯಣ ಪೂಜೆಯ ದಿನ ಸಪಾದಭಕ್ಷ್ಯದ ತಟ್ಟೆಯನ್ನು ಅವರ ಕೈಗೆ ಕೊಡುವ ಹಾಗಿಲ್ಲ. "ಯಾರ್ರೀ ಪ್ರಸಾದ, ಪ್ರಸಾದ ಯಾರ್ರೀ?" ಎಂದು ಎಲ್ಲರ ಮಧ್ಯೆ ನುಸುಳಿಕೊಂಡು ಹೊರಟುಬಿಡುತ್ತಾರೆ. ಒಂದು ಭಾನುವಾರ ನಮ್ಮ ಮನೆಯ ಸೋಫಾದ ಮೇಲೆ ನಮ್ಮ ಯಜಮಾನರು ತೂಕಡಿಸುತ್ತಿದ್ದರು. ಮಾವ ಹೋಗಿ ಭುಜ ತಟ್ಟಿ, "ಎಲ್ಲಿಳೀಬೇಕು ಸಾರ್?" ಎಂದರು. ಇವರು ಕಣ್ಣು ಬಿಡದೆಯೇ "ಬಿಟಿಎಂ" ಅಂದರು. ಪಾಪ, ಅವರ ಆಫೀಸು ಇರುವುದು ಅಲ್ಲೇ.

ಇಂಥ ಮಾವನ ಕೈಗೆ ನನ್ನ ಮಗಳನ್ನು ಒಪ್ಪಿಸುವ ಕಾಲ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದದ್ದಿಷ್ಟು. ನನ್ನ ಮಗಳು ಚಿನ್ನಿ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಟೀಚರ್ ಅವಳನ್ನು ಎದ್ದು ನಿಲ್ಲಿಸಿ ಪಾಠ ಓದಿಸಿದರು. ಇವಳು ಒಂದು ಅಕ್ಷರಕ್ಕೆ ಸಿಕ್ಕಿಕೊಂಡಳು. ಇನ್ನೊಂದು ಅಕ್ಷರಕ್ಕೂ ಸಿಕ್ಕಿಕೊಂಡಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಎಂದರು, ಆಮೇಲೆ ಇಡೀ ಕ್ಲಾಸು ನಕ್ಕಿತು. ಅಷ್ಟೇ! ಅವತ್ತು ಮುಚ್ಚಿದ ಪುಸ್ತಕವನ್ನು ಅವಳು ಮತ್ತೆ ತೆರೆಯಲಿಲ್ಲ. ಕೇಳಿದರೆ, "ನಂಗೆ ಓದೋಕೆ ಬರಲ್ಲಮ್ಮ, ನಾನು ದಡ್ಡಿ" ಎಂದು ಬಹಳ ಸಮಾಧಾನವಾಗಿ, ಹೊರಗೆ ಬಿಸಿಲಿದೆ ಎಂದಷ್ಟೇ ಸಹಜವಾಗಿ ಹೇಳುತ್ತಿದ್ದಳು.

ಬೇಸಿಗೆ ರಜೆ ಬಂತು. ನಾನು ಸುಮ್ಮನಿರುವ ತಾಯಿಯೇ? ಜಯನಗರದ ಅಂಗಡಿಗಳಿಗೆ ಹೋಗಿ ಬಣ್ಣಬಣ್ಣದ ಪುಸ್ತಕಗಳನ್ನು ಹೊತ್ತು ತಂದೆ. ಫ್ರಿಜ್ಜಿನ ಮೇಲೆ ಚಾರ್ಟ್ ಅಂಟಿಸಿದೆ: ದಿನಕ್ಕೆ ಹತ್ತು ಪುಟ, ಹತ್ತು ಪುಟಕ್ಕೊಂದು ಬಂಗಾರದ ನಕ್ಷತ್ರ. ಮೊದಲ ವಾರ ಮುಗಿಯುವ ಹೊತ್ತಿಗೆ ಒಂದಷ್ಟು ನಕ್ಷತ್ರಗಳು ಅವಳ ಗೊಂಬೆಯ ಹಣೆಯ ಮೇಲಿದ್ದವು, ಉಳಿದವು ನನ್ನ ಅತ್ತೆಯವರ ವಾಕಿಂಗ್ ಸ್ಟಿಕ್ಕಿನ ಮೇಲಿದ್ದವು. ಪುಸ್ತಕಗಳೆಲ್ಲ ಸೇರಿ ಗೊಂಬೆಗೆ ಭರ್ಜರಿ ಡ್ಯೂಪ್ಲೆಕ್ಸ್ ಮನೆಯಾಗಿದ್ದವು.

ಈ ಮನೆಯ ಗೃಹಪ್ರವೇಶಕ್ಕೆ ಸರಿಯಾಗಿ ಜೆ.ಪಿ. ನಗರದಿಂದ ಮಾವ ಬಂದರು. ನನ್ನ ಗೋಳೆಲ್ಲ ಕೇಳಿಸಿಕೊಂಡರು, ಚಾರ್ಟನ್ನು ಮೇಲಿಂದ ಕೆಳಗೆ ನೋಡಿದರು.

"ಯಾವಳೇ ಇದನ್ನ ಬರೆದಿದ್ದು? ದಿನಾ ಹತ್ತು ಪುಟ ಅಂತೆ! ಬಸ್ ಹತ್ತೋಕ್ ಮುಂಚೇನೇ ಲಾಸ್ಟ್ ಸ್ಟಾಪ್‌ಗೆ ಟಿಕೆಟ್ ಹರಿದು ಕೈಗಿಟ್ರೆ ಯಾವ ಪ್ಯಾಸೆಂಜರ್ ಹತ್ತುತ್ತಾನೆ?"

ಮಾರನೆಯ ದಿನ ಬೆಳಿಗ್ಗೆ ಬನಶಂಕರಿಯ ನಮ್ಮ ಮನೆಯ ಗೇಟಿನ ಮುಂದೆ ಪೀಪಿ ಕೇಳಿಸಿತು. ನೋಡಿದರೆ ಮಾವ! ಹೆಗಲಲ್ಲಿ ಹಳೆಯ ಚರ್ಮದ ಬ್ಯಾಗು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಕೈಯಲ್ಲಿ ಹಳೇ ಕ್ಯಾಲೆಂಡರ್ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿದ ಟಿಕೆಟ್ ಕಟ್ಟು. ಚಿನ್ನಿ ಬಾಯಿ ತೆರೆದುಕೊಂಡು ನಿಂತಳು. ಮಾವ ಪರಿಚಯವೇ ಇಲ್ಲದವರಂತೆ ಕೇಳಿದರು:

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ ತಾತ?"

"ಎಷ್ಟನೇ ಪುಟಕ್ಕೆ ಟಿಕೆಟ್ ಕೊಡ್ಲಿ ಅಂತ. ಬೇಗ ಹೇಳಮ್ಮ, ಹಿಂದೆ ಜನ ಇದಾರೆ."

ಹಿಂದೆ ಇದ್ದದ್ದು ನಾನೊಬ್ಬಳೇ.

ಚಿನ್ನಿ ಯೋಚಿಸಿ, "ಎರಡು" ಎಂದಳು.

"ಎರಡೇನಾ? ಐದಾದ್ರೂ ಓದೇ" ಎಂದೆ ನಾನು.

ಮಾವ ನನ್ನ ಕಡೆ ತಿರುಗಿದರು. "ಪಕ್ಕದ ಸೀಟಿನೋರ ಟಿಕೆಟ್ ವಿಚಾರ ನಿಂಗ್ಯಾಕಮ್ಮ? ಅವರೆಲ್ಲಿಗೆ ಕೇಳ್ತಾರೋ ಅಲ್ಲಿಗೇ ಟಿಕೆಟ್ಟು. ನೀನು ಒಳಗ್ ಹೋಗು, ಡೋರಲ್ಲಿ ನಿಂತ್ಕೋಬೇಡ." ನನ್ನ ಮನೆ, ನನ್ನ ಬಾಗಿಲು, ನನಗೇ ಈ ಮಾತು!

ಪುಸ್ತಕದಲ್ಲಿ ಕ್ಷೌರದಂಗಡಿಗೆ ಹೋದ ಒಂದು ಆನೆಯ ಕತೆ ಇತ್ತು. ಚಿನ್ನಿ ಬೆರಳಿಟ್ಟುಕೊಂಡು ಮನಸ್ಸಿನಲ್ಲೇ ಓದತೊಡಗಿದಳು. ಎರಡನೇ ಪುಟದ ಕೊನೆಯಲ್ಲಿ ಆನೆ ಹೇಗೋ ತೂರಿಕೊಂಡು ಕುರ್ಚಿಯ ಮೇಲೆ ಕೂರಲು ಹಿಂದಕ್ಕೆ ಬಗ್ಗಿತು. ಅಷ್ಟರಲ್ಲಿ ಪೀಪಿ! "ಹೋಲ್ಡಾನ್! ಎರಡನೇ ಪುಟ ಯಾರ್ರೀ, ಇಳೀರಿ, ಇಳೀರಿ!" ಎಂದು ಮಾವ ಪುಸ್ತಕವನ್ನು ಟಪ್ಪನೆ ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು.

"ತಾತ! ಕುರ್ಚಿ ಏನಾಯ್ತು ತಾತ?"

"ನಂಗೇನ್ ಗೊತ್ತು? ಟಿಕೆಟ್ ಎರಡಕ್ಕೇ ಇರೋದು. ನಾಳೆ ಬಸ್ಸಿಗೆ ಬಾ."

ಅವತ್ತು ನನ್ನ ಮಗಳು ಊಟದ ತಟ್ಟೆಯ ಮುಂದೆ, ಸ್ನಾನದ ಮನೆಯಲ್ಲಿ, ಎಲ್ಲೆಲ್ಲೂ ಅದೇ ಕುರ್ಚಿಯ ಚಿಂತೆ ಮಾಡಿದಳು. ಮಾರನೆಯ ದಿನ ಎಂಟನೇ ಪುಟಕ್ಕೆ ಟಿಕೆಟ್ ಕೇಳಿದಳು. ಮಾವ ಕಟ್ಟನ್ನು ತಿರುವಿ ನೋಡಿ, "ಎಂಟಿಲ್ಲ, ಐದರವರೆಗೆ ಹೋಗುತ್ತೆ, ಬೇಕಾದ್ರೆ ಹತ್ತು" ಎಂದರು. ಎಂಥ ಮನುಷ್ಯ ನೋಡಿ!

ಮೂರನೆಯ ದಿನ ಮಧ್ಯಾಹ್ನ ಊಟವಾಗಿ ಎಲ್ಲರಿಗೂ ಜೊಂಪು ಹತ್ತಿತ್ತು. ಎದ್ದು ನೋಡಿದರೆ ಮಾವನ ಬ್ಯಾಗಿನ ಬಾಯಿ ತೆರೆದಿದೆ, ಆನೆಯ ಪುಸ್ತಕವಿಲ್ಲ. ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಹಿಂದೆ, ಒಣಗಲು ಹಾಕಿದ ಬೆಡ್‌ಶೀಟಿನ ಕೆಳಗೆ, ಎರಡು ಪುಟ್ಟ ಪಾದಗಳು ಕಾಣಿಸಿದವು. ಮಾವ ಬೆಕ್ಕಿನಂತೆ ಹೋಗಿ ಬೆಡ್‌ಶೀಟ್ ಸರಿಸಿ, ಗಂಟಲನ್ನೇ ಬದಲಾಯಿಸಿ, "ಚೆಕಿಂಗ್! ಟಿಕೆಟ್ ತೋರ್ಸಿ!" ಎಂದರು. ಚಿನ್ನಿ ಹನ್ನೊಂದನೇ ಪುಟದಲ್ಲಿ ಸಿಕ್ಕಿಬಿದ್ದಿದ್ದಳು! ದಂಡವೇನು ಗೊತ್ತೇ? ಅಲ್ಲಿಯವರೆಗಿನ ಕತೆಯನ್ನು ಚೆಕಿಂಗ್ ಸಾಹೇಬರಿಗೆ ತನ್ನ ಮಾತಿನಲ್ಲಿ ಹೇಳಬೇಕು. ಹೇಳಿದಳು. ಸಾಹೇಬರು ನಕ್ಕೂ ನಕ್ಕೂ ಬಟ್ಟೆಯ ಕ್ಲಿಪ್ಪುಗಳನ್ನೆಲ್ಲ ಬೀಳಿಸಿದರು. ಅಂದಿನಿಂದ ಟಿಕೆಟ್ ಇಲ್ಲದೆ ಪ್ರಯಾಣ ಮಾಡುವುದೇ ಅವಳಿಗೆ ಕೆಲಸವಾಯಿತು. ಕದ್ದು ಓದಿದಷ್ಟು ರುಚಿ ಕೇಳಿ ಓದಿದರೆ ಎಲ್ಲಿ ಬರಬೇಕು?

ಮೇ ತಿಂಗಳ ಹೊತ್ತಿಗೆ ಬೀದಿಯ ಮಕ್ಕಳೂ ಹತ್ತಿಕೊಂಡರು. ನಮ್ಮ ಪೋರ್ಟಿಕೋ ಪೂರ್ತಿ ಬಸ್ಸಾಯಿತು. ಸ್ಟೂಲು, ಚಾಪೆ, ಮಗುಚಿ ಹಾಕಿದ ಬಕೆಟ್ಟು, ಎಲ್ಲವೂ ಸೀಟುಗಳೇ. ಎದುರು ಮನೆಯಾಕೆ ಒಂದು ದಿನ ಬಂದು, "ಅಂಕಲ್, ಇದ್ರಿಂದ ಮಕ್ಳ ವೊಕ್ಯಾಬ್ಯುಲರಿ ಇಂಪ್ರೂವ್ ಆಗುತ್ತಾ?" ಎಂದು ಕೇಳಿದರು.

"ಮೇಡಂ, ಕಿಟಕಿ ಪಕ್ಕ ಸೀಟ್ ಸಿಕ್ಕಿ ಆಚೆ ನೋಡ್ತಾ ಕೂತೋರನ್ನ ಇದ್ರಿಂದ ಏನ್ ಇಂಪ್ರೂವ್ ಆಗುತ್ತೆ ಅಂತ ಯಾರಾದ್ರೂ ಕೇಳ್ತಾರಾ? ಗಾಳಿ ಬರುತ್ತೆ, ಅಷ್ಟೇ. ನಿಮ್ಗೂ ಒಂದ್ ಟಿಕೆಟ್ ಕೊಡ್ಲಾ?"

ನಮ್ಮ ಯಜಮಾನರೂ ತಪ್ಪಿಸಿಕೊಳ್ಳಲಿಲ್ಲ. ಬಾಗಿಲಲ್ಲಿ ಮೊಬೈಲ್ ನೋಡುತ್ತ ನಿಂತವರನ್ನು ಮಾವ ಫುಟ್‌ಬೋರ್ಡ್ ಪ್ರಯಾಣದ ಅಪರಾಧದ ಮೇಲೆ ಒಳಗೆಳೆದು ಬಕೆಟ್ಟಿನ ಮೇಲೆ ಕೂರಿಸಿದರು. ಅರ್ಧ ಗಂಟೆ ಕಳೆದರೂ ಏಳಲಿಲ್ಲ ಮಹಾಶಯರು! ಆಫೀಸಿನ ಮೀಟಿಂಗ್ ಶುರುವಾಗಿದೆಯಲ್ಲ ಎಂದರೆ, "ಇರು, ಆನೆ ಈಗ ಮೀಸೆ ಟ್ರಿಮ್ ಮಾಡಿಸ್ಕೊಳ್ತಿದೆ" ಎಂದರು.

ಎಲ್ಲ ಸರಿ. ಆದರೆ ಒಂದು ಮಾತ್ರ ಹಾಗೇ ಉಳಿದಿತ್ತು. ಚಿನ್ನಿ ಮನಸ್ಸಿನಲ್ಲಿ ಓದುತ್ತಿದ್ದಳು, ಕತೆಯನ್ನು ಅಭಿನಯಿಸಿ ತೋರಿಸುತ್ತಿದ್ದಳು, ಗಟ್ಟಿಯಾಗಿ ಒಂದು ಸಾಲನ್ನೂ ಓದುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದು "ಎಲ್ಲಿ, ಓದು ನೋಡೋಣ" ಎಂದರೆ ಪುಸ್ತಕವನ್ನು ಎದೆಗೆ ಅವುಚಿಕೊಂಡು ಒಳಗೆ ಓಡುತ್ತಿದ್ದಳು. ಜೂನ್ ಬಂದರೆ ಮೂರನೇ ಕ್ಲಾಸು, ಆದರೆ ಅದೇ ಮಕ್ಕಳು, ಮತ್ತೆ ಎದ್ದು ನಿಂತು ಓದಬೇಕು. ನನಗೆ ನಿದ್ದೆ ಹತ್ತದಂತಾಯಿತು.

"ಮಾವ, ಅವಳ ಕೈಲಿ ಒಂದ್ಸಲ ಗಟ್ಟಿಯಾಗಿ ಓದ್ಸಿ. ನೀವು ಹೇಳಿದ್ರೆ ಕೇಳ್ತಾಳೆ" ಎಂದು ಗೋಗರೆದೆ.

"ಆ ರೂಟಲ್ಲಿ ನಮ್ ಬಸ್ ಓಡಲ್ಲ" ಎಂದರು ಮಾವ. ಅಷ್ಟೇ! ಬೀದಿಗೆಲ್ಲ ಕೇಳಿಸುವಂತೆ ಕೂಗುವ ಮನುಷ್ಯ, ಮಗುವಿನ ಬಾಯಿ ಬಿಡಿಸಲು ಆಗುವುದಿಲ್ಲವೇ? ಎರಡು ದಿನ ನಾನು ಅವರ ಮುಂದೆ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ಮೇ ಕೊನೆಯ ವಾರ ಮಾವ ಹೊಸ ವರಾತ ಹಚ್ಚಿದರು. ನಿಜವಾದ ಬಸ್ಸಿನಲ್ಲಿ ಕೂತು ಓದದಿದ್ದರೆ ಓದು ಪೂರ್ತಿಯಾಗುವುದಿಲ್ಲವಂತೆ! ಸರಿ, ನಾವು ಮೂವರೂ ಬನಶಂಕರಿಯಲ್ಲಿ ಹುಳಿಮಾವಿನ ಬಸ್ಸು ಹತ್ತಿದೆವು. ಚಿನ್ನಿ ಕಿಟಕಿಯ ಪಕ್ಕ ಕೂತು, ಸಂತೆಯಲ್ಲಿ ತಾಯಿಯಿಂದ ತಪ್ಪಿಸಿಕೊಂಡ ಮೇಕೆಮರಿಯ ಪುಸ್ತಕ ತೆಗೆದಳು. ನಾನೂ ಮಾವನೂ ಅವಳ ಹಿಂದಿನ ಸೀಟಿನಲ್ಲಿ ಕೂತೆವು. ಜೆ.ಪಿ. ನಗರದಲ್ಲಿ ನುಗ್ಗೇಕಾಯಿಯ ಚೀಲ ಹಿಡಿದ ಅಜ್ಜಿಯೊಬ್ಬರು ಹತ್ತಿ ಅವಳ ಪಕ್ಕ ಕೂತರು. ಅರೆಕೆರೆ ಗೇಟಿಗೆ ಎಂದು ಕಂಡಕ್ಟರಿಗೆ ಹೇಳಿದರು. ಸ್ವಲ್ಪ ಹೊತ್ತು ಪುಸ್ತಕದ ಚಿತ್ರವನ್ನೇ ಬಗ್ಗಿ ನೋಡಿದರು.

"ಕೂಸೇ, ಅದೇನು ಮೇಕೆಮರಿನಾ? ನಂಗೆ ಓದಕ್ ಬರಕಿಲ್ಲ ಕಣವ್ವ. ವಸಿ ಗಟ್ಟಿಯಾಗ್ ಓದು, ನಾನೂ ಕೇಳ್ತೀನಿ."

ಚಿನ್ನಿ ತಿರುಗಿ ನನ್ನನ್ನು ನೋಡಿದಳು. ಮುಖ ಸಣ್ಣಗಾಗಿತ್ತು. "ಅಜ್ಜೀ, ಅವಳು ಹಾಗೆ..." ಎಂದು ನಾನು ಬಾಯಿ ತೆರೆದೆ. ಮಾವ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ತಾವು ಮಾತ್ರ ಏನೂ ಕೇಳಿಸದವರಂತೆ ಕಿಟಕಿಯಾಚೆ ನೋಡುತ್ತಿದ್ದರು.

ಒಂದು ಸ್ಟಾಪು ಹೋಯಿತು. ಆಮೇಲೆ, ಬಸ್ಸಿನ ಸದ್ದಿನಲ್ಲಿ ಕೇಳಿಸಿಯೂ ಕೇಳಿಸದ ಹಾಗೆ, ಮಗುವಿನ ದನಿ ಬಂತು. "ಮೇಕೆಮರಿ... ಅಮ್ಮನನ್ನು... ಹು, ಹುಡು... ಹುಡುಕಿತು." ಸಿಕ್ಕಿಕೊಂಡಳು. ಅಜ್ಜಿ ನಗಲಿಲ್ಲ, ತಿದ್ದಲೂ ಇಲ್ಲ. ತಿದ್ದಲು ಅವರಿಗೆಲ್ಲಿ ಓದು ಬರುತ್ತಿತ್ತು? "ನಿಧಾನಕ್ಕೆ ಕಣವ್ವ, ಅವಸ್ರ ಏನೈತೆ" ಎಂದು ಸುಮ್ಮನೆ ಕಾದರು. ಚಿನ್ನಿ ಮುಂದಿನ ಸಾಲಿಗೆ ಹೋದಳು. ಮೇಕೆಮರಿ ಹೂವಿನ ಅಂಗಡಿಗೆ ಹೋಯಿತು, ಅಲ್ಲಿ ಒದೆ ತಿಂದಿತು. "ಅಯ್ಯೋ ಪಾಪಿಗಳಾ!" ಎಂದರು ಅಜ್ಜಿ. ಚಿನ್ನಿಯ ದನಿ ಏರಿತು.

"ಅರೆಕೆರೆ ಗೇಟ್, ಅರೆಕೆರೆ ಗೇಟ್!" ಎಂದು ಕಂಡಕ್ಟರ್ ಕೂಗಿದ. ಅಜ್ಜಿ ಏಳಲಿಲ್ಲ. "ಅಜ್ಜೀ, ನಿಮ್ ಸ್ಟಾಪ್ ಬಂತು, ಇಳ್ಕೊಳ್ಳಿ" ಎಂದ.

"ಇರಪ್ಪ, ಆ ಮರೀಗೆ ಅವರಮ್ಮ ಸಿಗ್ಲಿ. ಮುಂದೆ ಎಲ್ಲಾದ್ರೂ ಇಳ್ಕತೀನಿ."

ಕಂಡಕ್ಟರ್ ಮಗುವನ್ನು ನೋಡಿದ, ಪುಸ್ತಕವನ್ನು ನೋಡಿದ, "ರೈಟ್" ಎಂದ. ಹುಳಿಮಾವು ಬರುವಷ್ಟರಲ್ಲಿ ಮರಿಗೆ ತಾಯಿ ಸಿಕ್ಕಿತು. ಅಜ್ಜಿ ಕಣ್ಣೊರೆಸಿಕೊಂಡು, ಚಿನ್ನಿಯ ಗಲ್ಲ ಹಿಡಿದು ದೃಷ್ಟಿ ತೆಗೆದು, ಅವಳ ಕೈಗೆರಡು ನುಗ್ಗೇಕಾಯಿ ಕೊಟ್ಟು, ವಾಪಸ್ ಹೋಗುವ ಬಸ್ಸಿಗಾಗಿ ರಸ್ತೆ ದಾಟಿದರು.

ನಾವೂ ಅಲ್ಲೇ ಇಳಿದೆವು. ಹುಳಿಮಾವು ಕೆರೆಯ ಬೇಲಿಯ ಹತ್ತಿರ ಚಿನ್ನಿ ಬಾತುಕೋಳಿಗಳಿಗೆ ಅದೇ ಕತೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಮಾವ ಎಳನೀರು ಹಿಡಿದುಕೊಂಡು ಕುಡಿಯದೆ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ಏನ್ ಮಾವ, ಸ್ಟಾಪ್ ಬಂದ್ರೂ ಇಳೀದಿರೋ ಪ್ಯಾಸೆಂಜರ್‌ನ ನೋಡಿ ಬೇಜಾರಾಯ್ತಾ?" ಎಂದು ರೇಗಿಸಿದೆ.

"ನಂಗೂ ಓದೋಕೆ ಬರ್ತಿರ್ಲಿಲ್ಲ ಕಣೇ" ಎಂದರು. "ಅಕ್ಷರ ಎಲ್ಲಾ ಕಲಸ್ಕೊಂಡ್ಬಿಡ್ತಿದ್ವು. ಕ್ಲಾಸಲ್ಲಿ ಎಲ್ರೂ ನಗೋರು. ಸ್ಕೂಲಿಗೆ ಹೋಗೋವಾಗ ವಿಲ್ಸನ್ ಗಾರ್ಡನ್ ಸ್ಟಾಪಲ್ಲಿ ನಿಮ್ಮಮ್ಮ ನನ್ನ ನಿಲ್ಲಿಸ್ಕೊಂಡು ಬಸ್ಸಿನ ಬೋರ್ಡ್ ಓದ್ಸೋಳು. ನಾನು ಅರ್ಧ ಓದೋಷ್ಟ್ರಲ್ಲಿ ಬಸ್ ಹೊರಟೋಗೋದು. ಹೋಗ್ಲಿ ಬಿಡೋ, ಇನ್ನೊಂದ್ ಬರುತ್ತೆ, ಅದನ್ನ ಓದು ಅನ್ನೋಳು. ಎಷ್ಟ್ ಬಸ್ ಹೋದ್ರೂ ಒಂದ್ ದಿನ ಬೈದೋಳಲ್ಲ. ಆ ಬೋರ್ಡಲ್ಲೇ ನಾನು ಓದೋದ್ ಕಲ್ತಿದ್ದು."

ಈ ಮನುಷ್ಯನನ್ನು ಇಷ್ಟು ವರ್ಷ ಗೇಲಿ ಮಾಡಿಕೊಂಡೇ ಬಂದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಉಕ್ಕಿ ಬಂತು.

ಸಂಜೆ ಮನೆಗೆ ಬಂದವಳೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅವನಿಗೆ ಅದೆಲ್ಲ ಇನ್ನೂ ನೆನಪಿದ್ಯಾ?" ಎಂದಳು. "ನಮ್ ಸ್ಕೂಲಲ್ಲಿ ಲೇಟಾಗಿ ಹೋದ್ರೆ ದೊಡ್ಡ ಕ್ಲಾಸಿನೋರಿಗೆ ಕೈಮೇಲೆ ಏಟು. ಅವನು ಚಿಕ್ಕೋನು ಅಂತ ಒಳಗೆ ಬಿಟ್ಬಿಡೋರು, ನಾನು ಆಚೆ ನಿಂತು ದಿನಾ ತಿಂತಿದ್ದೆ. ಅದು ಅವನಿಗೆ ಗೊತ್ತಿಲ್ಲ. ನೀನು ಹೇಳೋಕ್ ಹೋಗ್ಬೇಡ ಕಣೇ, ನೊಂದ್ಕೋತಾನೆ."

ನಾನು ಹೇಳಲಿಲ್ಲ. ಬರೆದುಬಿಟ್ಟೆ.