ನಾಲ್ಕು ಡೆಸಿಬಲ್ ಜಾಸ್ತಿ

ಕೈಯಾರೆ ಕಟ್ಟಿದ ಕಾರೊಂದು ಮನೆಯಲ್ಲಿದ್ದರೆ ನಗುವ ಸಂದರ್ಭಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ನಾನು ಯಲಹಂಕದ ಪ್ರೌಢಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ನಮ್ಮ ಯಜಮಾನರು ಬಿಡಿಭಾಗಗಳ ಪೆಟ್ಟಿಗೆಗಳನ್ನು ತರಿಸಿ, ಹಳೆಯ ಕಾರಿನ ಇಂಜಿನ್ ಕೂರಿಸಿ, ಆರು ವರ್ಷದ ಭಾನುವಾರಗಳಲ್ಲಿ ಎರಡು ಸೀಟಿನ ತೆರೆದ ಕಾರೊಂದನ್ನು ಕಟ್ಟಿದರು. ಬ್ರೇಕು, ದೀಪ, ಹೊಗೆ, ಎಲ್ಲ ಪರೀಕ್ಷೆಗಳೂ ಮುಗಿದಿದ್ದವು. ಸೈಲೆನ್ಸರಿನ ಸದ್ದಿನ ಪರೀಕ್ಷೆ ಒಂದು ಬಾಕಿ ಇರುವಾಗ ಅವರು ತೀರಿಕೊಂಡರು. ಅದು ನನ್ನ ಮತ್ತು ಅತ್ತೆಯ ಪಾಲಿಗೆ ಬಂತು.

ಒಂದು ಅರ್ಜಿಗೆ ಮೂರು ಅವಕಾಶ. ಮೂರರಲ್ಲೂ ಫೇಲಾದರೆ ಫೈಲು ಮುಚ್ಚುತ್ತದೆ, ಕಾರು ಶೆಡ್ಡಿನಲ್ಲೇ ಉಳಿಯುತ್ತದೆ. ನಂಬರ್ ಇಲ್ಲದ ಗಾಡಿ ರಸ್ತೆಗಿಳಿಯುವಂತಿಲ್ಲ. ಟೆಂಪೋದ ಮೇಲೇರಿಸಿ ಪರೀಕ್ಷೆಗೆ ಒಯ್ಯಬೇಕು. ಅತ್ತೆಗೆ ಅದೇ ಸಂಕಟ.

"ಅವನು ಮಾಡಿದ್ದು ಇನ್ನೊಂದರ ಬೆನ್ನ ಮೇಲೆ ಯಾಕೆ ಹೋಗ್ಬೇಕು? ನಾನು ಅದರಲ್ಲಿ ಕೂತು ಪುಟ್ಟೇನಹಳ್ಳಿ ಕೆರೆವರೆಗಾದ್ರೂ ಹೋಗ್ಬೇಕು ಕಣೇ."

ಹಾರ

ಮೊದಲ ಪರೀಕ್ಷೆಯ ದಿನ ಅತ್ತೆ ಕಾರಿಗೆ ಪೂಜೆ ಮಾಡಿದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಚೆಂಡುಹೂವಿನ ಹಾರವನ್ನು ಮಾತ್ರ ಮುಂದೆ ಹಾಕದೆ ಹಿಂದಕ್ಕೆ ಹೋಗಿ ಸೈಲೆನ್ಸರಿನ ಕೊಳವೆಗೆ ಸುತ್ತಿದರು. ಕೊಳವೆಯ ಬಾಯಿಗೆ ಅರಿಶಿನ, ಕುಂಕುಮ.

"ಅಲ್ಲಿ ಯಾಕತ್ತೆ?"

"ಇವತ್ತು ಪರೀಕ್ಷೆ ಯಾರಿಗೆ? ಅದಕ್ಕೆ ತಾನೆ?"

ತರ್ಕದಲ್ಲಿ ತಪ್ಪಿರಲಿಲ್ಲ. ಹಾರ ಬಿಚ್ಚುವುದಿಲ್ಲವೆಂದು ಆಣೆ ಮಾಡಿಸಿಕೊಂಡೇ ಕಳಿಸಿದರು.

ಪರೀಕ್ಷಾ ಕೇಂದ್ರದ ಅಧಿಕಾರಿ ಕೊಳವೆಯ ಹಿಂದೆ ಮೈಕು ನಿಲ್ಲಿಸಿ, ಬಗ್ಗಿ ನೋಡುತ್ತ, "ರೇಸ್ ಮಾಡಿ ಮೇಡಂ" ಎಂದರು. ಮಾಡಿದೆ. ಇಳಿದು ಬಂದು ನೋಡಿದರೆ ಅವರ ತಲೆಯ ಮೇಲೆ ಚೆಂಡುಹೂವಿನ ಎಸಳು, ಹಣೆಯ ಮೇಲೆ ಕುಂಕುಮ. ಅವರು ಒರೆಸಿಕೊಳ್ಳದೆ ಮೀಟರು ಓದಿದರು.

"ನಾಲ್ಕು ಡೆಸಿಬಲ್ ಜಾಸ್ತಿ ಮೇಡಂ. ಪ್ರಸಾದ ಏನಾದ್ರೂ ತಂದಿದೀರಾ?"

ಎರಡು ಡಜನ್

ನಮ್ಮ ಮೆಕ್ಯಾನಿಕ್ ಹುಬ್ಬಳ್ಳಿ ಕಡೆಯವರು. ಸೈಲೆನ್ಸರ್ ಬಿಚ್ಚಿ, ಒಳಗೆ ಇಣುಕಿ, "ಸದ್ದು ಹೀರೂ ಸಾಮಾನೆಲ್ಲಾ ಸುಟ್ಟ ಹೋಗೇತ್ರಿ ಮೇಡಮ್ಮಾರ. ಪಾತ್ರಿ ತಿಕ್ಕೂ ಸ್ಟೀಲ್ ನಾರು ಇರತಾವಲ್ರಿ, ಅವನ್ನ ತುಂಬೂಣು. ಎರಡು ಡಜನ್ ತರ್ರಿ" ಎಂದರು.

ಹಳೇ ಪೇಟೆಯ ಅಂಗಡಿಯವನು ಎಣಿಸಿ ಕೊಡುತ್ತ ಕೇಳಿದ: "ಮನೇಲಿ ಮದುವೆನಾ ಮೇಡಂ?"

"ಇಲ್ಲಪ್ಪ, ಕಾರಿಗೆ."

ಅವನ ಕೈ ನಿಂತಿತು. ಇಪ್ಪತ್ತನಾಲ್ಕನ್ನೂ ಹಿಂದಕ್ಕೆ ಎಳೆದುಕೊಂಡ.

"ಬೇಡ ಮೇಡಂ. ಮೆತ್ತನೆ ಬಟ್ಟೆ ಕೊಡ್ತೀನಿ. ಇದ್ರಲ್ಲಿ ಉಜ್ಜಿದ್ರೆ ಪೇಂಟೆಲ್ಲಾ ಹೋಗುತ್ತೆ."

ಕೋನಮಾಪಕ

ಎರಡನೇ ಸಲ ತಪ್ಪು ಪೂರ್ತಿ ನನ್ನದೇ. ಮೈಕು ಕೊಳವೆಗೆ ನಲವತ್ತೈದು ಡಿಗ್ರಿ ಕೋನದಲ್ಲಿರಬೇಕು ಎಂದು ನಿಯಮ. ಅಧಿಕಾರಿ ಕಣ್ಣಂದಾಜಿನಲ್ಲಿ ಇಟ್ಟಿದ್ದರು. ನಾನು ಶಾಲೆಯಿಂದ ಬೋರ್ಡಿನ ದೊಡ್ಡ ಕೋನಮಾಪಕ ಒಯ್ದಿದ್ದೆ.

"ಸರ್, ಇದು ನಲವತ್ತೊಂದು."

"ನಡೆಯುತ್ತೆ ಮೇಡಂ. ಈಗ ಸುತ್ತ ಸದ್ದಿಲ್ಲ, ಬೇಗ ಮುಗಿಸೋಣ."

"ನಾಲ್ಕು ಡಿಗ್ರಿ ವ್ಯತ್ಯಾಸ ಇದೆ ಸರ್."

ಅವರು ನಿಟ್ಟುಸಿರು ಬಿಟ್ಟು ಸರಿಪಡಿಸಿದರು. ನಾನು ಇನ್ನೊಮ್ಮೆ ಅಳೆದು, ತೃಪ್ತಿಪಟ್ಟು, ಕಾರು ಹತ್ತಿ ರೇಸ್ ಮಾಡಿದೆ. ಅದೇ ಕ್ಷಣಕ್ಕೆ ನೆತ್ತಿಯ ಮೇಲೆ ವಿಮಾನವೊಂದು ಹಾದುಹೋಯಿತು. ಮೀಟರು ಅದನ್ನೂ ಸೇರಿಸಿ ಚೀಟಿ ಉಗುಳಿತು.

"ಇದು ವಿಮಾನದ್ದು ಅಂತ ಬರ್ಕೊಳ್ಳಿ ಸರ್" ಎಂದೆ.

ಅಧಿಕಾರಿ ಫಾರಂ ತಿರುಗಿಸಿ ಎರಡೂ ಬದಿ ತೋರಿಸಿದರು. "ವಿಮಾನಕ್ಕೆ ಕಾಲಂ ಇಲ್ಲ ಮೇಡಂ. ಆದ್ರೆ ಕೋನ ಸರಿಯಾಗಿತ್ತು ಅಂತ ಬರೀತೀನಿ."

ಕೊನೆಯ ಅವಕಾಶ

ಮೂರನೇ ಸಲಕ್ಕೆ ಅತ್ತೆಯೂ ಬಂದರು. ಪಕ್ಕದ ಸೀಟಿನಲ್ಲಿ ಸೆರಗು ಬಿಗಿಮಾಡಿಕೊಂಡು ಕೂತು, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು. ನಾನು ಕೋನಮಾಪಕ ತಂದಿರಲಿಲ್ಲ.

ಆ ದಿನ ಎಫ್‌ಸಿ ಪರೀಕ್ಷೆಗೆಂದು ಬಂದ ಲಾರಿಗಳ ಸಾಲೇ ಇತ್ತು. ಅವುಗಳ ಚಾಲಕರು, ಹದಿನೈದಿಪ್ಪತ್ತು ಜನ, ನಮ್ಮ ಕಾರನ್ನು ಸುತ್ತುವರಿದರು.

"ಏನ್ ಗುರು ಇದು, ದೊಡ್ಡೋರ್ದಾ ಮಕ್ಕಳ್ದಾ?"

"ಅಜ್ಜಿ, ಲಿಫ್ಟ್ ಕೊಡ್ತೀರಾ?"

"ಮಗಾ, ನನ್ನ ಲಾರಿ ಸ್ಟೆಪ್ನಿ ಇದಕ್ಕಿಂತ ಎತ್ತರ ಕಣೋ."

ಅಧಿಕಾರಿ ಮೀಟರು ಚಾಲೂ ಮಾಡಿ, "ಸ್ವಲ್ಪ ಸುಮ್ನಿರ್ರಪ್ಪಾ" ಎಂದು ಮೂರು ಸಲ ಬೇಡಿಕೊಂಡರು. ಯಾರೂ ಕೇಳಲಿಲ್ಲ. ಐದು ನಿಮಿಷ ಬಿಟ್ಟರೆ ಊಟದ ಹೊತ್ತು, ಬಾಗಿಲು ಹಾಕುತ್ತಾರೆ. ಅತ್ತೆ ಡ್ಯಾಶ್‌ಬೋರ್ಡನ್ನು ಮಗುವಿನ ಬೆನ್ನಿನಂತೆ ಸವರುತ್ತಿದ್ದರು. ನಾನು ಅದನ್ನು ನೋಡಿದೆ.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಕಾರಿನ ಸೀಟಿನ ಮೇಲೆ ಎದ್ದು ನಿಂತಿದ್ದೆ. "ಎಲ್ಲರೂ ಬಾಯಿ ಮುಚ್ಚಿ ಕೂತ್ಕೊಳ್ಳಿ" ಎಂಬ ದನಿ ಕೇಳಿಸಿತು. ಅದು ನನ್ನದೇ. ಯಜಮಾನರು ಹೋದಮೇಲಿನ ಒಂದು ವರ್ಷ ಎರಡು ತಿಂಗಳಲ್ಲಿ ನಾನು ತರಗತಿಯಲ್ಲೂ ಹಾಗೆ ಕೂಗಿರಲಿಲ್ಲ.

ಲಾರಿ ಚಾಲಕರೆಲ್ಲ ನಿಂತಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೆಲವರು ಕೈಕಟ್ಟಿದರು. ಅಧಿಕಾರಿಯೂ ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ, "ಈಗ ಒತ್ತು" ಎಂದರು.

ಒತ್ತಿದೆ, ಹಿಡಿದೆ, ಬಿಟ್ಟೆ. ಕಾರು ಸಭ್ಯವಾಗಿ ಗುರುಗುಟ್ಟಿ ಸುಮ್ಮನಾಯಿತು. ಮೀಟರಿನಿಂದ ಎರಡು ಚೀಟಿಗಳು ಬಂದಿದ್ದವು. ಅಧಿಕಾರಿ ಎರಡನ್ನೂ ಬೆಳಕಿಗೆ ಹಿಡಿದು ಓದಿದರು.

"ಎರಡನೇದು ಗಾಡೀದು. ಪಾಸು ಮೇಡಂ." ಆಮೇಲೆ ಮೊದಲನೆಯದನ್ನು ನನ್ನ ಕೈಗೆ ಕೊಟ್ಟರು. "ಇದು ನಿಮ್ದು. ಫೇಲು."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ತಡೆಯಲಾಗಲಿಲ್ಲ. ನಕ್ಕು ಸುಧಾರಿಸಿಕೊಂಡು ನೋಡಿದರೆ, ಚಾಲಕರಲ್ಲಿ ಒಬ್ಬರೂ ಎದ್ದಿರಲಿಲ್ಲ. ಕೊನೆಯ ಸಾಲಿನಲ್ಲಿ ಐವತ್ತು ದಾಟಿದ ದೊಡ್ಡ ಮೀಸೆಯವರೊಬ್ಬರು ಮಾತ್ರ ನನ್ನನ್ನೇ ನೋಡುತ್ತ, ಕಿರುಬೆರಳು ಎತ್ತಿ ಹಿಡಿದಿದ್ದರು.

"ಹೋಗಿ ಬೇಗ ಬನ್ನಿ" ಎಂದೆ. ಓಡಿದರು.