ಇಂಗ್ಲಿಷಿಗೆ ಮುಯ್ಯಾಳು

ಹೂವಯ್ಯನ ಕಷ್ಟವೆಲ್ಲ ಶುರುವಾದದ್ದು ಮಗಳ ಶಾಲೆಯಿಂದ ಮೊಬೈಲಿಗೆ ಬಂದ ಒಂದು ಸಂದೇಶದಿಂದ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮನೆಯವರು ಹೇಗೆ ನೆರವಾಗಬೇಕು ಎಂದು ತಿಳಿಸಿಕೊಡಲು ಶನಿವಾರ ಪೋಷಕರಿಗೊಂದು ತರಗತಿ ಇದೆ, ಮನೆಯ ಹಿರಿಯರೊಬ್ಬರು ತಪ್ಪದೆ ಬರಬೇಕು ಎಂದಿತ್ತು. ಕೊನೆಯಲ್ಲಿ ಇನ್ನೊಂದು ಮಾತು. ತಾಲ್ಲೂಕಿನ ಇಂಗ್ಲಿಷ್ ಕತೆ ಹೇಳುವ ಸ್ಪರ್ಧೆಗೆ ಮಕ್ಕಳನ್ನು ಆರಿಸುವಾಗ ಮನೆಯ ನೆರವು ಹೇಗಿದೆ ಎಂಬುದನ್ನೂ ನೋಡಲಾಗುವುದು.

ಯಶಸ್ವಿನಿಗೆ ಆ ಸ್ಪರ್ಧೆಯ ಮೇಲೆ ಪ್ರಾಣ. "ಅಪ್ಪಯ್ಯ, ನೀನೇ ಬಾ," ಎಂದಳು.

ಹೂವಯ್ಯನಿಗೆ ಹೊಸನಗರದಲ್ಲಿ ಒಂದು ಹಿಟ್ಟಿನ ಗಿರಣಿ, ಊರಾಚೆ ಒಂದಿಷ್ಟು ಗದ್ದೆ. ಗಿರಣಿಯ ಬೆಲ್ಟು ಕಿತ್ತು ಮುಖಕ್ಕೆ ಬಡಿದರೂ ಅಂಜದವನು, ಇಂಗ್ಲಿಷ್ ಎಂದರೆ ಹಾವು ಕಂಡ ಕರುವಿನಂತೆ ನಾಲ್ಕು ಕಾಲಲ್ಲೂ ಹಿಂದೆ ಸರಿಯುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಅವನನ್ನು ಉರುಳಿಸಿದ್ದು ಅದೇ.

ಹೆಂಡತಿ ಇದ್ದಾಗ ಈ ಚಿಂತೆ ಇರಲಿಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಓದುವ ಮಗಳ ಪಕ್ಕದಲ್ಲಿ ಅವಳು ಕೂರುತ್ತಿದ್ದಳು. ಹೋದ ವರ್ಷ ಭಗವಂತ ಅವಳನ್ನು ಕರೆದುಕೊಂಡ. ದೀಪ ಹಚ್ಚುವುದೂ ಚಾಪೆಯ ಮೇಲೆ ಕೂರುವುದೂ ಅಂದಿನಿಂದ ಹೂವಯ್ಯನ ಪಾಲಿಗೆ ಬಂದವು. ಮಗಳು ಓದಿದ್ದು ಒಂದಕ್ಷರ ತಿಳಿಯದು. "ಏನಾಯ್ತಂತೆ? ಆಮೇಲೆ?" ಎಂದು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಅದನ್ನು ನೆರವು ಎಂದು ಶಾಲೆಯಲ್ಲಿ ಹೇಳಿಕೊಂಡರೆ ನಾಲ್ಕು ಜನ ನಗುವುದಿಲ್ಲವೇ?

ಶುಕ್ರವಾರ ಅಕ್ಕಿ ಬೀಸಿಸಲು ಬಂದ ಪಕ್ಕದ ಮನೆಯ ದುಗ್ಗಮ್ಮ, ಕೇಳದಿದ್ದರೂ ಉಪಾಯ ಹೇಳಿದಳು. "ಗದ್ದೆ ನೆಟ್ಟಿಗೆ ಜನ ಸಾಲ್ದಿದ್ರೆ ಏನ್ ಮಾಡ್ತೀಯ? ಮುಯ್ಯಾಳು ಕರೀತೀಯ. ಇದಕ್ಕೂ ಕರಿ. ಮುಕುಂದಯ್ಯನೋರು ಮನೇಲಿ ಸುಮ್ನೆ ಕೂತಿದಾರೆ."

ಇಂದು ನಾನು ನಿನ್ನ ಗದ್ದೆಯಲ್ಲಿ ನೆಟ್ಟರೆ ನಾಳೆ ನೀನು ನನ್ನ ಗದ್ದೆಯಲ್ಲಿ ನೆಡಬೇಕು, ಕೂಲಿಯ ಮಾತಿಲ್ಲ. ಅದೇ ಮುಯ್ಯಾಳು. ಗದ್ದೆಗೆ ಸಲ್ಲುವುದು ಮಗಳ ಶಾಲೆಗೆ ಏಕೆ ಸಲ್ಲಬಾರದು ಎಂದು ಹೂವಯ್ಯನಿಗೂ ಅನ್ನಿಸಿತು.

ಮುಕುಂದಯ್ಯನವರು ಕಾರ್ಗಲ್ಲಿನ ಕಚೇರಿಯೊಂದರಲ್ಲಿ ಇಂಗ್ಲಿಷ್ ಪತ್ರಗಳನ್ನು ಬರೆದು ನಿವೃತ್ತರಾದವರು. ಮಳೆ ಬಂತು ಎಂಬುದನ್ನೂ ಮೊದಲು ಇಂಗ್ಲಿಷಿನಲ್ಲಿ ಹೇಳಿ, ಕೇಳಿದವರು ಪೂರ್ತಿ ನೆನೆದ ಮೇಲೆ ಕನ್ನಡದಲ್ಲಿ ಅರ್ಥ ಹೇಳುವವರು. ಹೂವಯ್ಯ ಮಾತು ಮುಗಿಸುವ ಮೊದಲೇ ಒಪ್ಪಿಬಿಟ್ಟರು.

"ಎಂತ ಮಾರಾಯ, ಇಷ್ಟಕ್ಕೆ ಹೆದರೋದಾ? ದೊಡ್ಡಪ್ಪ ಅಂತ ಹೇಳಿ ನಾನು ಹೋಗ್ತೇನೆ. ನೀನು ಸಾಗರಕ್ಕೆ ಹೋಗು. ಮೊಮ್ಮಗ ಅನಿಕೇತ ಅಲ್ಲಿದ್ದಾನೆ, ಅವನ ಶಾಲೇಲಿ ಶನಿವಾರ ಶನಿವಾರ ಒಂದು ಕೂತು ಬರೋ ಕೆಲಸ ಇದ್ದು. ಅವನ ಅಪ್ಪ ಅಮ್ಮ ಇಬ್ಬರಿಗೂ ಡ್ಯೂಟಿ. ಸುಮ್ಮನೆ ಪಕ್ಕದಲ್ಲಿ ಕೂತ್ಕೊ, ಬಾಯಿ ಬಿಡೋದೇ ಬೇಡ."

ಶನಿವಾರ ಬೆಳಿಗ್ಗೆ ಮುಕುಂದಯ್ಯನವರು ಬೀರುವಿನ ಕೋಟು ತೊಟ್ಟು ಶಾಲೆಯ ಕಡೆ ನಡೆದರು. ಹೂವಯ್ಯ ಇಸ್ತ್ರಿ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದ. ಯಶಸ್ವಿನಿ ಇಬ್ಬರನ್ನೂ ನೋಡಿದಳು, ಚೀಲ ಹೆಗಲಿಗೇರಿಸಿ ಮುಕುಂದಯ್ಯನವರ ಹಿಂದೆ ಹೊರಟಳು. ಬೈದಿದ್ದರೆ ಹೂವಯ್ಯನಿಗೆ ಅಷ್ಟು ನಾಟುತ್ತಿರಲಿಲ್ಲ.

ಸಾಗರದ ಶಾಲೆಯ ಬಾಗಿಲಲ್ಲಿ ಹೂವಯ್ಯ ಬೋರ್ಡನ್ನು ಎರಡೆರಡು ಸಲ ಓದಿದ. 'ಪೋಷಕರಿಗೆ ಇಂಗ್ಲಿಷ್ ನೆರವಿನ ತರಗತಿ' ಎಂದಿತ್ತು. ಒಂದು ಗುಂಡಿ ತಪ್ಪಿಸಲು ಬಸ್ ಚಾರ್ಜು ಕೊಟ್ಟು ಬಂದು ಅದೇ ಗುಂಡಿಗೆ ಬಿದ್ದಂತಾಯಿತು. ತಿರುಗಿ ಓಡೋಣವೆಂದರೆ ಮುಯ್ಯಿಗೆ ಬಂದವನು ಗದ್ದೆ ಮುಗಿಯುವ ಮೊದಲು ಬದು ಹತ್ತುವಂತಿಲ್ಲ. ವರದಹಳ್ಳಿಯ ಸ್ವಾಮಿಗಳನ್ನು ನೆನೆದು ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತ.

ಇಂಗ್ಲಿಷ್ ಟೀಚರು ವಂದನಾ ಮೇಡಂ, ಅವನ ಪುಣ್ಯಕ್ಕೆ, ಕನ್ನಡದಲ್ಲೇ ಮಾತಾಡಿದರು. ಈಗಿನ ಪರೀಕ್ಷೆಗೆ ಗೈಡು ನೋಡಿ ಬಾಯಿಪಾಠ ಮಾಡಿದರೆ ಸಾಲದು, ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು, ಬರೆಯಬೇಕು ಎಂದರು. ಆಮೇಲೆ ಮಕ್ಕಳನ್ನು ಒಳಗೆ ಕರೆದು, ಪ್ರತಿಯೊಬ್ಬರೂ ತಮ್ಮ ಹಿರಿಯರಿಗೆ ಒಂದು ಪಾಠದ ಕತೆ ಹೇಳಬೇಕೆಂದರು.

ಅನಿಕೇತ ಬಂದು ಪಕ್ಕದಲ್ಲಿ ಕೂತ. ಬೀಗ ಹಾಕಿದ ಪೆಟ್ಟಿಗೆಯಂಥ ಹುಡುಗ. ಪುಸ್ತಕದಲ್ಲಿ ಸಮುದ್ರದ ದಂಡೆಯ ದೀಪಸ್ತಂಭದ ಚಿತ್ರವಿತ್ತು. ಹೂವಯ್ಯನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. "ಏನಾಯ್ತಂತೆ?" ಎಂದು ಕೇಳಿದ.

ಹುಡುಗ ಅವನ ಮುಖ ನೋಡಿದ. "ದೀಪ ಕಾಯೋ ಮುದುಕನ ಎಣ್ಣೆ ಖಾಲಿಯಾಯ್ತು."

"ಅಯ್ಯೋ, ಮೊದಲೇ ತಂದಿಟ್ಟುಕೊಳ್ಳೋದಲ್ವಾ? ಮನೇಲಿ ಹೇಳೋರು ಯಾರೂ ಇರ್ಲಿಲ್ವಾ ಅವನಿಗೆ?"

ಈ ಪ್ರಶ್ನೆ ಗೈಡಿನಲ್ಲಿ ಇರಲಿಲ್ಲ. ಹುಡುಗ ನಕ್ಕ. ಮುದುಕನಿಗೆ ಯಾರೂ ಇರಲಿಲ್ಲವೆಂದ. "ಆಮೇಲೆ?" ಎಂದ ಹೂವಯ್ಯ. ನಿಜಕ್ಕೂ ಅವನಿಗೆ ತಿಳಿಯಬೇಕಿತ್ತು, ಕತೆಯಲ್ಲಿ ಹಡಗೊಂದು ಕತ್ತಲಲ್ಲಿ ದಡದ ಹತ್ತಿರ ಬರುತ್ತಿತ್ತು. ಹೇಳುತ್ತ ಹೇಳುತ್ತ ಹುಡುಗ ಯಾವಾಗ ಇಂಗ್ಲಿಷಿಗೆ ಜಾರಿದನೋ ಅವನಿಗೇ ಗೊತ್ತಾಗಲಿಲ್ಲ. ಹೂವಯ್ಯ ಅರ್ಥವಾಗದೆಡೆಯಲ್ಲೂ "ಹೂಂ" ಎಂದ. ಹಡಗು ದಡ ಸೇರುವ ಹೊತ್ತಿಗೆ ಇಡೀ ತರಗತಿ ಇವರ ಕಡೆ ತಿರುಗಿತ್ತು.

ವಂದನಾ ಮೇಡಂ ಹತ್ತಿರ ಬಂದರು. "ಇಷ್ಟೇ ನೋಡಿ ನಾನು ಹೇಳ್ತಿರೋದು. ಪಕ್ಕದಲ್ಲಿ ಕೂರಬೇಕು, ಕೇಳಬೇಕು, ತಪ್ಪು ಹಿಡೀಬಾರದು. ನಿಮಗೆ ಇಂಗ್ಲಿಷ್ ಬರ್ಲೇಬೇಕು ಅಂತಿಲ್ಲ." ಮತ್ತೆ ದನಿ ತಗ್ಗಿಸಿ, "ಇವನು ಬಾಯಿಬಿಟ್ಟಿದ್ದು ಇವತ್ತೇ. ಅಜ್ಜ ಬಂದ್ರೆ ಒಂದು ವಾಕ್ಯ ಮುಗಿಸೋಕೆ ಬಿಡಲ್ಲ. ಇಲ್ಲಿ ಮಾತಾಡ್ಬೇಡಿ ಅಂತ ಹೋದ ವಾರ ನಾನೇ ಕೈಮುಗಿದೆ. ಪಾಪ, ಈಗ ಎಲ್ಲಿ ಹೋಗಿ ಮಾತಾಡ್ತಿದಾರೋ," ಎಂದರು.

ಎಲ್ಲಿ ಎಂಬುದು ಹೂವಯ್ಯನಿಗೆ ಚೆನ್ನಾಗಿ ಗೊತ್ತಿತ್ತು.

ತರಗತಿ ಮುಗಿಯಿತೋ ಇಲ್ಲವೋ, ಬಸ್ಸಿಗೆ ಓಡಿದ. ಸೀಟಿದ್ದರೂ ಕೂರದೆ, ತಾನು ಮುಂದೆ ವಾಲಿದರೆ ಬಸ್ಸೂ ಬೇಗ ಹೋದೀತೆಂಬಂತೆ ಬಾಗಿಲ ಕಂಬ ಹಿಡಿದು ನಿಂತ. ದಾರಿಯ ಬಟ್ಟೆಮಲ್ಲಪ್ಪದಲ್ಲಿ ಡ್ರೈವರು ಚಹಾಕ್ಕೆ ಇಳಿದ. ಎಲೆಯಡಿಕೆ ಹಾಕಿಕೊಂಡ. ಯಾರದೋ ಮದುವೆ ಮಾತು ಆಡಿದ. ಹೂವಯ್ಯ ಕೆಳಗಿಳಿದ, ಹತ್ತಿದ, ಮತ್ತೆ ಇಳಿದ. ಕಂಡಕ್ಟರು, "ನಿಮಗೇನು ಹೊಟ್ಟೆ ಸರಿ ಇಲ್ವಾ ಗೌಡ್ರೇ?" ಎಂದು ಕಾಳಜಿಯಿಂದ ಕೇಳಿದ. ಹೂವಯ್ಯ ಕಣ್ಣುಮುಚ್ಚಿ, ಮುಕುಂದಯ್ಯನವರ ಗಂಟಲು ಇವತ್ತೊಂದು ದಿನ ಕಟ್ಟಿಸಿದರೆ ವರದಹಳ್ಳಿಗೆ ನಡೆದೇ ಬರುತ್ತೇನೆಂದು ಹರಕೆ ಹೊತ್ತ.

ಹೊಸನಗರದ ಶಾಲೆಯ ಜಗಲಿಯಲ್ಲಿ ಮುಕುಂದಯ್ಯನವರು ಬಿಸಿನೀರು ಕುಡಿಯುತ್ತಿದ್ದರು. ಗಂಟಲು ಕಟ್ಟಿತ್ತು. ಮಾತಾಡಿ ಮಾತಾಡಿ ಕಟ್ಟಿತ್ತು.

ಇಂಗ್ಲಿಷ್ ಮೇಷ್ಟ್ರು ಪೂರ್ಣೇಶ್ ಈ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹೊಸಬರು. ಹೂವಯ್ಯನನ್ನು ಕಂಡು ಕೈಹಿಡಿದುಕೊಂಡರು. "ಇಂಥ ದೊಡ್ಡಪ್ಪ ಮನೇಲಿ ಇದಾರೆ ಅಂತ ನಮಗೆ ಗೊತ್ತೇ ಇರ್ಲಿಲ್ಲ ನೋಡಿ. ನಾನೇ ಎಷ್ಟೋ ಕಲಿತೆ. ಯಶಸ್ವಿನಿ ಹೆಸರು ಸ್ಪರ್ಧೆಗೆ ಕಳಿಸ್ತಿದೀನಿ. ಸ್ಪರ್ಧೆ ಮುಗಿಯೋ ತನಕ ದಿನಾ ಸಂಜೆ ಅವಳ ಪಕ್ಕ ಕೂತು ಹೇಳ್ಕೊಡ್ತೀನಿ ಅಂತ ಮಾತು ಕೊಟ್ಟಿದಾರೆ."

ಹೂವಯ್ಯ ಬಾಯಿ ತೆರೆದ. ಇವರು ದೊಡ್ಡಪ್ಪನಲ್ಲ, ಮುಯ್ಯಾಳು ಎಂದರೆ ಮಗಳ ಹೆಸರು ಹೋಗುತ್ತದೆ. ತೆರೆದ ಬಾಯಿಯಿಂದ "ಒಳ್ಳೇದಾಯ್ತು ಸಾರ್" ಎಂಬುದಷ್ಟೇ ಬಂತು.

ಆ ಸಂಜೆ ಹೂವಯ್ಯ ದೀಪ ಹಚ್ಚಿ ಕೈಮುಗಿದು ತಿರುಗುವಷ್ಟರಲ್ಲಿ ಚಾಪೆಯ ಮೇಲೆ ಅವನ ಜಾಗದಲ್ಲಿ ಮುಕುಂದಯ್ಯನವರು ಕೂತಿದ್ದರು. ಯಶಸ್ವಿನಿ ಒಂದು ವಾಕ್ಯ ಓದಿದಳು, ಅವರು ತಡೆದರು. ಇನ್ನೊಂದು ಶುರುಮಾಡಿದಳು, ತಡೆದರು. ಮೂರನೆಯದನ್ನು ಅವಳು ಶುರುಮಾಡಲೇ ಇಲ್ಲ. ಹೂವಯ್ಯ ಮೆಲ್ಲಗೆ ಚಾಪೆಯ ಅಂಚಿನಲ್ಲಿ ಕೂರಲು ಹೋದ.

"ನೀನು ಇಲ್ಲಿ ಬೇಡ ಮಾರಾಯ, ಅವಳ ಗಮನ ಹೋಗ್ತು," ಎಂದರು ಅವರು ಕಟ್ಟಿದ ಗಂಟಲಲ್ಲಿ. "ಸಾಗರದಿಂದ ಆ ಮೇಡಂ ಫೋನ್ ಮಾಡಿದ್ರು. ಇನ್ನು ಶನಿವಾರ ಶನಿವಾರ ನೀನೇ ಬರಬೇಕಂತೆ. ನಾನೂ ಹೂಂ ಅಂದೆ. ಇಲ್ಲಿ ನಾನು, ಅಲ್ಲಿ ನೀನು. ಮುಯ್ಯಿಗೆ ಮುಯ್ಯಿ ಸರಿಹೋಯ್ತು."

ಹೂವಯ್ಯ ಬಾಗಿಲ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಒಳಗೆ ಇಂಗ್ಲಿಷ್ ಒಂದೇ ಸಮನೆ ಹರಿಯುತ್ತಿತ್ತು, ಅದರಲ್ಲಿ ಮಗಳ ದನಿ ಎಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಕುಡಿಯುವ ನೆಪದಲ್ಲಿ ಎದ್ದ ಯಶಸ್ವಿನಿ ಅವನ ಹಿಂದೆ ಬಂದು ಬಗ್ಗಿದಳು.

"ಅಪ್ಪಯ್ಯ, ನೀನು ನನ್ನ ಪಕ್ಕ ಕೂರ್ಬೇಕಂದ್ರೆ ಶನಿವಾರ ಆ ಹುಡುಗನ್ನ ಒಂದು ಮಾತು ಕೇಳ್ಕೊಂಡು ಬಾ," ಎಂದಳು ಮೆಲ್ಲಗೆ. "ಅವನ ಅಜ್ಜ ಯಾವ ಪಾಠಕ್ಕೆ ನಿದ್ದೆ ಮಾಡ್ತಾರಂತೆ?"