ಗುರುಲಿಂಗವ್ವನ ಬಾವಿಯ ಮೀನು

ಕಾರವಾರದ ಸಾಹೇಬರು ಹುನಗುಂದದ ಕಚೇರಿಗೆ ಬಂದು ಏಳು ತಿಂಗಳಾಗಿತ್ತು. ಅಷ್ಟು ದಿನಗಳಲ್ಲಿ ಅವರು ಕಂಡ ಮೀನೆಂದರೆ ಊರಿಂದ ತಾಯಿ ಕಳಿಸಿದ ಒಂದು ಪೊಟ್ಟಣ ಒಣಮೀನು. ಅದನ್ನು ಹುರಿದ ದಿನ ಮನೆಯ ಮಾಲೀಕರು, ಮುಂದಿನ ತಿಂಗಳು ಮಗಳು ಬಾಣಂತನಕ್ಕೆ ಬರುತ್ತಾಳೆ, ಮನೆ ಬೇಕಾಗುತ್ತದೆ ಎಂದು ಹೇಳಿ ಹೋಗಿದ್ದರು. ಅವರಿಗೆ ಮಗಳೇ ಇರಲಿಲ್ಲ.

ಹೀಗಿರುವಾಗ, ೧೯೮೪ರ ಸೆಪ್ಟೆಂಬರಿನಲ್ಲಿ, ಬಾಗಲಕೋಟೆಯ ರದ್ದಿ ಅಂಗಡಿಯೊಂದರಲ್ಲಿ ಸಾಹೇಬರಿಗೆ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಗೊತ್ತಿಲ್ಲದ ದೊಡ್ಡ ಕೆರೆಯಲ್ಲಿ ಗಾಳ ಹಾಕುವುದು ಹೇಗೆ ಎಂಬುದು ಅದರ ವಿಷಯ. ಗೊತ್ತಿಲ್ಲದ ದೊಡ್ಡ ಕೆರೆಗೂ ಬರವಿರಲಿಲ್ಲ. ಹೊಸ ಆಣೆಕಟ್ಟಿನ ಹಿನ್ನೀರು ಜೀಪಿನಲ್ಲಿ ಮುಕ್ಕಾಲು ತಾಸಿನ ದಾರಿ.

ಮೊದಲು ಸ್ಥಳೀಕನೊಬ್ಬನನ್ನು ಹಿಡಿಯಿರಿ ಎಂದು ಪುಸ್ತಕ ಹೇಳಿತ್ತು. ಸಾಹೇಬರು ಸಿಪಾಯಿ ಮಲಕಪ್ಪನನ್ನು ಹಿಡಿದರು.

"ಆ ಹಿನ್ನೀರು ನಿನಗೆ ಗೊತ್ತೇನೋ?"

"ಗೊತ್ತೇನ್ರಿ ಅಂತೀರಲ್ರಿ ಸಾಹೇಬ್ರ! ಅದರ ತಳದಾಗ ನಮ್ಮೂರ ಐತ್ರಿ, ಹಂಚಿನದಿನ್ನಿ. ಕಣ್ಣ ಕಟ್ಟಿ ಬಿಟ್ರೂ ತಿರಗಾಡಿ ಬರ್ತೇನ್ರಿ."

"ಹಾಗಾದರೆ ನಾಳೆ ಭಾನುವಾರ ಹೋಗೋಣ. ದೊಡ್ಡ ಮೀನು ಎಲ್ಲಿರುತ್ತದೆ ಅಂತ ನೀನೇ ತೋರಿಸಬೇಕು."

ಮಲಕಪ್ಪ ಕುರಿ ಕಾಯ್ದು ಬೆಳೆದವನು. ಮೀನಿಗೂ ಅವನಿಗೂ ಇದ್ದ ಪರಿಚಯ ತಾಟಿನದು ಮಾತ್ರ. ಆದರೆ ಇಲ್ಲವೆನ್ನುವಂತಿರಲಿಲ್ಲ. ಹೊಲ ಪೂರ್ತಿ ಮುಳುಗಿದ ಮನೆತನಕ್ಕೆ ಒಂದು ನೌಕರಿ ಎಂಬ ನಿಯಮದಲ್ಲಿ ಅವನು ಸಿಪಾಯಿಯಾಗಿ ಎರಡು ವರ್ಷವಾಗಿತ್ತು. ಇನ್ನೂ ಹಂಗಾಮಿ. ಕಾಯಂ ಮಾಡುವ ಫೈಲು ಸಾಹೇಬರ ಮೇಜಿನ ಮೇಲಿತ್ತು. ಸೋಮವಾರ ಸಹಿ ಬೀಳಬೇಕಿತ್ತು.

ಹೆಂಡತಿ ಸಾವಂತ್ರವ್ವ ಇಡೀ ವಿಷಯವನ್ನು ಒಂದೇ ಮಾತಿನಲ್ಲಿ ಮುಗಿಸಿದಳು. "ಮೀನ ಸಿಕ್ರ ಸಹಿ. ಸಿಗಲಿಲ್ಲಂದ್ರ ಮತ್ತ ಕುರಿ."

ಬೆಳಿಗ್ಗೆ ಏಳಕ್ಕೆ ಅಹ್ಮದಸಾಬನ ಹರಿಗೋಲು ನೀರಿಗಿಳಿಯಿತು. ಹಿನ್ನೀರು ದಂಡೆಯವರೆಗೆ ತುಂಬಿತ್ತು. ನಡುವೆ ಹಂಚಿನದಿನ್ನಿಯ ಗುಡಿಯ ಶಿಖರವೊಂದೇ, ಸ್ನಾನಕ್ಕಿಳಿದ ಮುದುಕನ ತಲೆಯಂತೆ, ಮೇಲೆ ಕಾಣುತ್ತಿತ್ತು. ಸಾಹೇಬರು ಪುಸ್ತಕ ತೆರೆದರು.

"ಇಡೀ ಕೆರೆ ಅಲೆಯಬಾರದು. ತಳ ಎಲ್ಲಿ ಏರುಪೇರಾಗುತ್ತದೋ ಅಲ್ಲಿ ಮೀನು. ಹಳೇ ಗೋಡೆ, ಹಳೇ ದಾರಿ, ಹಳೇ ಬಾವಿ. ಎಲ್ಲಿವೆ?"

ಈ ಪ್ರಶ್ನೆಗೆ ಮಲಕಪ್ಪನ ಎದೆ ಹಗುರಾಯಿತು. ಮೀನು ಗೊತ್ತಿಲ್ಲದಿದ್ದರೇನು, ಗೋಡೆ ಗೊತ್ತಿತ್ತಲ್ಲ! "ಅಹ್ಮದಸಾಬ, ಎಡಕ್ಕ ಹೊಡಿ. ಲಕ್ಷ್ಮಪ್ಪನ ದನದ ಕೊಟ್ಟಿಗಿ ಇಲ್ಲೇ ಐತಿ."

ಸಾಹೇಬರು ಗಾಳ ಬಿಟ್ಟರು. ಸದ್ದು ಮಾಡಬಾರದು, ಮೀನಿಗೆ ಕೇಳಿಸುತ್ತದೆ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ದಂಡೆಯಿಂದ ಕೂಗು ಬಂತು.

"ಯಾರಲೇ ಅದು, ನನ್ನ ಕೊಟ್ಟಿಗ್ಯಾಗ ಇಳದವ್ರು?"

ಎಮ್ಮೆ ಮೇಯಿಸುತ್ತಿದ್ದ ಲಕ್ಷ್ಮಪ್ಪ ಬಡಿಗೆ ಎತ್ತಿ ನಿಂತಿದ್ದ.

"ನಾನೋ ಮಾವಾ, ಮಲಕಪ್ಪ! ಸಾಹೇಬ್ರು ಬಂದಾರ. ಸುಮ್ಮನಿರು!"

"ಸಾಹೇಬ್ರಾದ್ರ ಬಾಗಲದಾಗಿಂದ ಬರ್ಲಿ! ಹಿಂದಿನ ಗ್ವಾಡಿ ಹಾರಿ ಬರೂದ ಯಾಕ?"

ಗಾಳ ಬಿಗಿಯಿತು. ಸಾಹೇಬರು ಹಲ್ಲು ಕಚ್ಚಿ ಎಳೆದರು. ಹರಿಗೋಲು ಬುಗುರಿಯಂತೆ ಎರಡು ಸುತ್ತು ತಿರುಗಿತು, ಸಾಹೇಬರ ಟೋಪಿ ನೀರಿಗೆ ಬಿತ್ತು, ದಾರ ಪಟ್ಟನೆ ಹರಿಯಿತು.

"ಹಿಡಕೊಂಡಿದ್ದು ದನಾ ಕಟ್ಟೂ ಗ್ವಾದಲಿ ಗೂಟ," ಎಂದ ಅಹ್ಮದಸಾಬ, ಅನುಭವದಿಂದ. "ಭಾಳ ಗಟ್ಟಿ ಗೂಟರಿ ಅದು. ನನ್ನ ಬಲಿ ಎರಡ ಸಲ ಹರದೈತಿ."

ಬಿಸಿಲೇರಿತು. ಮಠದ ಕಟ್ಟೆಯ ಮೇಲೆ ಗಾಳ ಹಾಕಿದರು, ಒಂದು ಏಡಿ ಬಂತು. ಶಾಲೆಯ ಅಂಗಳದಲ್ಲಿ ಹಾಕಿದರು, ಜಾಲಿಯ ಕಂಟಿ ಬಂತು. ಸಾಹೇಬರು ಪುಸ್ತಕವನ್ನು ಮೊದಲಿಗಿಂತ ಬಿರುಸಾಗಿ ತಿರುವುತ್ತಿದ್ದರು. ಆ ಬಿರುಸು ಸೋಮವಾರದ ಸಹಿಗೆ ಒಳ್ಳೆಯದಲ್ಲ ಎಂದು ಮಲಕಪ್ಪನಿಗೆ ತಿಳಿಯುತ್ತಿತ್ತು. ಉಳಿದದ್ದು ಒಂದೇ.

"ಗುರುಲಿಂಗವ್ವನ ಬಾವಿಗೆ ನಡಿ," ಎಂದ.

ಬಾವಿ ದಂಡೆಗೆ ಹತ್ತಿರವಿತ್ತು. ಎರೆಹುಳ ಸಿಕ್ಕಿಸಿದ ಗಾಳ ನೀರಿಗೆ ಬಿದ್ದು ಬೀಡಿ ಸೇದುವಷ್ಟು ಹೊತ್ತೂ ಆಗಿರಲಿಲ್ಲ, ಕೋಲು ಬಿಲ್ಲಿನಂತೆ ಬಾಗಿತು. ಸಾಹೇಬರು ಎಳೆದರು, ಮಲಕಪ್ಪ ಸಾಹೇಬರನ್ನು ಎಳೆದ, ಅಹ್ಮದಸಾಬ ಇಬ್ಬರ ಭಾರವನ್ನೂ ಹರಿಗೋಲಿನ ಇನ್ನೊಂದು ಬದಿಗೆ ಕೂತು ತೂಗಿದ. ಹತ್ತು ನಿಮಿಷದ ಮೇಲೆ ತೊಡೆ ಗಾತ್ರದ ಬಾಳಿಮೀನು ಒಳಗೆ ಬಂದು ಬಿತ್ತು. ಆರು ಕಿಲೋಗೆ ಕಡಿಮೆಯಿರಲಿಲ್ಲ. ಸಾಹೇಬರ ಕಣ್ಣಲ್ಲಿ ನೀರು.

"ಮಲಕಪ್ಪ, ನಿನ್ನ ಫೈಲು ನಾಳೆ ಮೊದಲು ನೋಡ್ತೇನೆ."

"ಇಳಸ್ರಿ ಅದನ್ನ!"

ದಂಡೆಯ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಗುರುಲಿಂಗವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಬಂದಿದ್ದಳು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬಟ್ಟೆ ಬಡಿಯುವ ಕೊಡತಿ.

"ಯವ್ವಾ, ನೀ ಏನ ಮೀನ ತಿಂತೀ?" ಎಂದ ಮಲಕಪ್ಪ.

"ಥೂ, ಶಿವ ಶಿವ! ತಿನ್ನೂದ್ಯಾಕೋ? ನನ್ನ ಬಾವ್ಯಾಗಿಂದು, ನನ್ನ ಬಾವ್ಯಾಗ ಬಿಡ್ರಿ."

"ಬಾವಿ ಈಗ ಸರ್ಕಾರದ್ದಮ್ಮ," ಎಂದರು ಸಾಹೇಬರು.

"ಹೌದೇನ್ರಿ? ಹೊಲಕ್ಕ ಪರಿಹಾರ ಕೊಟ್ರಿ, ಮನಿಗೆ ಕೊಟ್ರಿ. ಬಾವಿ ಪಟ್ಟಿಯೊಳಗ ಬಿಟ್ಟ ಹೋಗೇತಿ ಅಂದ್ರಿ. ಬಿಟ್ಟ ಹೋಗಿದ್ದ ಬಾವಿ ಯಾರದ್ರಿ ಹಂಗಾರ? ನಂದ! ಅರ್ಜಿ ಬರಸ್ತೇನಿ. ಸಾಹೇಬ್ರು ರಂಡಮುಂಡಿ ಬಾವ್ಯಾಗ ಕಳವು ಮಾಡ್ಯಾರ ಅಂತ ಬರಸ್ತೇನಿ!"

"ಬರಸ ಯಕ್ಕಾ, ನಾ ಹೆಬ್ಬಟ್ಟ ಒತ್ತತೇನಿ," ಎಂದ ದಂಡೆಗುಂಟ ಎಮ್ಮೆ ಹೊಡೆದುಕೊಂಡು ಅಲ್ಲಿಗೇ ಬಂದಿದ್ದ ಲಕ್ಷ್ಮಪ್ಪ. ಅವನ ಸಿಟ್ಟು ಇನ್ನೂ ಕೊಟ್ಟಿಗೆಯಲ್ಲೇ ಇತ್ತು.

ಸರ್ಕಾರಿ ನೌಕರ ಹಾವಿಗೆ ಹೆದರದಿದ್ದರೂ ಅರ್ಜಿಗೆ ಹೆದರುತ್ತಾನೆ. ಸಾಹೇಬರ ಕೈ ಮೀನಿನ ಮೇಲೆ ಸಡಿಲವಾಯಿತು. ಮೀನು ನೀರಿಗೆ ಹೋದರೆ ಅದರ ಹಿಂದೆಯೇ ತನ್ನ ಫೈಲೂ ಹೋಗುತ್ತದೆ ಎಂದು ಮಲಕಪ್ಪ ಕಂಡುಕೊಂಡ. ಹರಿಗೋಲಿನಲ್ಲಿ ಎದ್ದು ನಿಂತ.

"ತಡೀರಿ ಸಾಹೇಬ್ರ. ಇದು ಬಾವಿ ಮೀನ ಅಲ್ಲ. ಬಾವಿ ಇಪ್ಪತ್ತ ಹೆಜ್ಜಿ ಆಚೆ ಉಳೀತು. ನಾವು ನಿಂತಿದ್ದು ಬಂಡಿ ದಾರಿ ಮ್ಯಾಲ. ದಾರಿ ಸರ್ಕಾರದ್ದು. ಮೀನೂ ಸರ್ಕಾರದ್ದು!"

"ಯಾವ ಗುರ್ತ ಮ್ಯಾಲ ಹೇಳ್ತೀಯೋ?" ಎಂದಳು ಗುರುಲಿಂಗವ್ವ.

"ಗುರ್ತ ಬೇಕ? ಅಹ್ಮದಸಾಬ, ಗಳಾ ಹಾಕು."

ಅಹ್ಮದಸಾಬ ಹರಿಗೋಲು ನೂಕುವ ಬಿದಿರಿನ ಗಳ ಇಳಿಬಿಟ್ಟ. ಗಳ ಮುಳುಗದೆ ಕಲ್ಲಿಗೆ ತಾಗಿ ಟಣ್ ಎಂದಿತು. ಬಾವಿಯಾಗಿದ್ದರೆ ನುಂಗುತ್ತಿತ್ತು.

"ಇನ್ನ ಕೇಳ್ರಿ. ಹಿಂದ ಗುಡಿ ಶಿಖರ. ಮುಂದ ದಂಡಿ ಮ್ಯಾಲ ಆ ಹುಣಸಿಗಿಡ. ಬಂಡಿ ದಾರಿ ಗುಡಿಯಿಂದ ಆ ಗಿಡಕ್ಕ ದಾರ ಹಿಡದಂಗ ಹೊಕ್ಕಿತ್ತು. ನಾವೀಗ ಎರಡರ ನಡಬರಕ ಅದೀವಿ. ಗೇಣ ಅತ್ತ ಇಲ್ಲ, ಗೇಣ ಇತ್ತ ಇಲ್ಲ!"

ಗುರುಲಿಂಗವ್ವ ಶಿಖರ ನೋಡಿದಳು, ಗಿಡ ನೋಡಿದಳು. ನ್ಯಾಯವಂತೆ. ಕೊಡತಿ ಇಳಿಸಿದಳು. "ಖರೆ ಐತಿ," ಎಂದಳು.

ಸಾಹೇಬರು ಮಲಕಪ್ಪನ ಬೆನ್ನು ತಟ್ಟಿದರು. "ಭಲೇ! ಸರ್ವೇಯವರಿಗೂ ಇಷ್ಟು ಬರೋದಿಲ್ಲ. ಇಷ್ಟು ಖಚಿತವಾಗಿ ಹೇಗೆ ಹೇಳಿದೆಯೋ?"

ಎರಡು ವರ್ಷದಲ್ಲಿ ಯಾರೂ ಮಲಕಪ್ಪನನ್ನು ಹೊಗಳಿರಲಿಲ್ಲ. ಅವನು ಉಬ್ಬಿದ.

"ಆ ಗಿಡಾ ನಮ್ಮ ಹೊಲದಾಗಿಂದ್ರಿ! ನಮ್ಮ ಮುತ್ಯಾ ಹಚ್ಚಿದ್ದು."

"ಹೌದೇ? ಸುತ್ತ ಹಸಿರಾಗಿದೆಯಲ್ಲ, ಏನದು?"

"ಸಜ್ಜೀರಿ."

"ಕೆರೆ ಇಷ್ಟು ತುಂಬಿದೆ. ಬೆಳೆಗೆ ನೀರು ನುಗ್ಗೋದಿಲ್ಲವೇ?"

"ನಾಕೂ ಎಕರೆದಾಗ ಒಂದ ಹನಿ ಬಂದಿಲ್ರಿ ಸಾಹೇಬ್ರ, ಭಾಳ ಎತ್ತರದ ಹೊಲ! ಈ ವರ್ಷ ತೆನಿ ನೋಡಬೇಕ್ರಿ ನೀವು, ಮೊಳದುದ್ದ..."

ಮಲಕಪ್ಪನ ಬಾಯಿ ತೆರೆದೇ ಉಳಿಯಿತು. ಅವನ ಕಾಲಬಳಿ ಬಿದ್ದಿದ್ದ ಮೀನಿನ ಬಾಯಿಯೂ ಹಾಗೇ ಇತ್ತು. ಸಾಹೇಬರು ಪುಸ್ತಕ ಮುಚ್ಚಿ, ಆ ಹುಣಸೆಗಿಡವನ್ನು ಬಹಳ ಹೊತ್ತು ನೋಡಿದರು.

ಮಾತು ಕೊಟ್ಟಂತೆ ಸೋಮವಾರ ಅವರು ಎಲ್ಲಕ್ಕಿಂತ ಮೊದಲು ಮಲಕಪ್ಪನ ಫೈಲನ್ನೇ ನೋಡಿದರು. ಸಹಿಯನ್ನೂ ಹಾಕಿದರು. ಸಹಿಯ ಮೇಲೆ ಕೆಂಪು ಶಾಯಿಯಲ್ಲಿ ಎರಡು ಸಾಲುಗಳಿದ್ದವು: "ಭಾನುವಾರ ಖುದ್ದಾಗಿ ಸ್ಥಳ ಪರಿಶೀಲನೆ ಮಾಡಲಾಗಿದೆ. ಅರ್ಜಿದಾರನ ಹೊಲ ಮುಳುಗಿಲ್ಲ, ಬೆಳೆ ಉತ್ತಮವಾಗಿದೆ."

ಆಮೇಲೆ ಗಂಟೆ ಬಾರಿಸಿ, ಫೈಲನ್ನು ಹೆಡ್ ಗುಮಾಸ್ತರಿಗೆ ಮುಟ್ಟಿಸಲು ಸಿಪಾಯಿಯನ್ನು ಕರೆದರು.